ಕುಡುಗೋಲು ಕಣ ಕಾಯಿಲೆಯ ತೀವ್ರತೆ: ಸೂಚಕಗಳ ಶೋಧದ ಚರಿತ್ರೆ (1948–2023)

ಅಕ್ಸ್‌ಬ್ರಿಡ್ಜ್‌ನಲ್ಲಿ ಹುಟ್ಟಿದ ಮಗುವಿಗೂ ಇಂಗ್ಲೆಂಡಿನ ಉಳಿದೆಡೆಯಂತೆ ಐದನೇ ದಿನದ ಹೊತ್ತಿಗೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಕುಡುಗೋಲು ಕಣ ಕಾಯಿಲೆಯ ತಪಾಸಣೆ ಮಾಡುತ್ತಾರೆ. ಕಾಯಿಲೆ ಇದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಅದು ಮಗುವನ್ನು ಎಷ್ಟು ಕಾಡೀತು ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಪ್ರಶ್ನೆಯ ಬೆನ್ನುಹತ್ತಿದ ಸಂಶೋಧನೆಯ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಸಮುದಾಯದ ಸರಾಸರಿಯನ್ನು ವಿವರಿಸಿದ ಸೂಚಕಗಳು ಒಬ್ಬ ರೋಗಿಯ ಮುಂದಿನ ದಿನಗಳನ್ನು ಹೇಳುವಲ್ಲಿ ಪದೇ ಪದೇ ಸೋತಿವೆ. ಚಿಕಿತ್ಸೆಗೆ ದಾರಿ ತೋರಿದವು ಮಾತ್ರ ಉಳಿದಿವೆ ಎಂಬುದು ಲೇಖನದ ವಾದ.

ಕಾಯಿಲೆಯ ಮೂಲ ಒಂದೇ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದಿರುತ್ತದೆ. ಆದರೂ ಕಾಯಿಲೆಯ ಉಪಟಳ ಎಲ್ಲರಲ್ಲಿ ಒಂದೇ ಬಗೆಯದಲ್ಲ. ಇದಕ್ಕೆ ಮೊದಲ ಸುಳಿವು ಕೊಟ್ಟವರು ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್. ನವಜಾತ ಶಿಶುಗಳ ಕೆಂಪು ಕಣಗಳು ಅಷ್ಟಾಗಿ ಕುಡುಗೋಲಿನಂತೆ ಬಾಗುವುದಿಲ್ಲವೆಂದು 1948ರಲ್ಲಿ ಗಮನಿಸಿದ ಅವರು, ಭ್ರೂಣ ಹಿಮೋಗ್ಲೋಬಿನ್‌ ಇದಕ್ಕೆ ಕಾರಣವಿರಬಹುದೆಂದು ಊಹಿಸಿದರು.

1952ರಲ್ಲಿ ಸಂಶೋಧಕರಾದ ಲೆಹ್ಮನ್ ಮತ್ತು ಕಟ್‌ಬುಷ್, ನಮ್ಮ ಚಾಮರಾಜನಗರಕ್ಕೆ ಹೊಂದಿಕೊಂಡ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲು ಕಣ ಲಕ್ಷಣವನ್ನು ಗುರುತಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಕಾಯಿಲೆಗೆ ಮೂಲವಾದ ವಂಶವಾಹಿ ಮಾರ್ಪಾಡು ಏಷ್ಯಾದಲ್ಲಿ ಸ್ವತಂತ್ರವಾಗಿ ಹುಟ್ಟಿತೆಂದು ಕುಲೋಜಿಕ್ ಮತ್ತು ಸಂಗಡಿಗರು 1986ರಲ್ಲಿ ವಾದಿಸಿದರು. ಈ ಏಷ್ಯಾ ಮೂಲದ, ಅರಬ್–ಭಾರತೀಯ ಎಂಬ ವಂಶವಾಹಿ ಮಾದರಿಯುಳ್ಳವರಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ‘ಭಾರತದ ಕಾಯಿಲೆ ಸೌಮ್ಯ’ ಎಂಬ ನಂಬಿಕೆ ಬೇರೂರಿತು. ಮಧ್ಯ ಭಾರತದಿಂದ ಬಂದ ತೀವ್ರ ಪ್ರಕರಣಗಳ ವರದಿಗಳು ಆ ನಂಬಿಕೆಯನ್ನು ಅಲುಗಾಡಿಸಿದವು.

ರಕ್ತದ ಎಣಿಕೆಯ ಕತೆಯೂ ಇದೇ. ಭ್ರೂಣ ಹಿಮೋಗ್ಲೋಬಿನ್ ಕಡಿಮೆಯಿದ್ದು ಬಿಳಿ ಕಣಗಳು ಹೆಚ್ಚಿದ್ದರೆ ಅಕಾಲ ಮರಣದ ಅಪಾಯ ಹೆಚ್ಚೆಂದು 1994ರ ಅಮೆರಿಕದ ಅಧ್ಯಯನ ತೋರಿಸಿತು. ಶೈಶವದಲ್ಲಿ ಕೈಕಾಲು ಬೆರಳುಗಳ ಬಾವು, ಡೆಸಿಲೀಟರಿಗೆ 7 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್, ಹೆಚ್ಚಿದ ಬಿಳಿ ಕಣ ಇವುಗಳಿಂದ ತೀವ್ರತೆಯನ್ನು ಮುಂಗಾಣಬಹುದೆಂದು 2000ದಲ್ಲಿ ಸೂತ್ರವೊಂದು ಬಂತು. ಡಲ್ಲಾಸ್‌ನ ಮಕ್ಕಳಲ್ಲಿ ಅದು ಕೈಕೊಟ್ಟಿತು. ಆಲ್ಫಾ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದೋಷ ಜೊತೆಗಿದ್ದರೆ ಕೆಂಪು ಕಣಗಳ ನಾಶ ತಗ್ಗುತ್ತದೆ, ನೋವು ಮಾತ್ರ ತಗ್ಗುವುದಿಲ್ಲ.

ವ್ಯತಿರಿಕ್ತವಾಗಿ ಎರಡು ಸೂಚಕಗಳು ಫಲ ಕೊಟ್ಟವು. ಮಿದುಳಿನ ರಕ್ತನಾಳಗಳಲ್ಲಿ ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯು ಬಹುಪಾಲು ತಪ್ಪುತ್ತದೆಂದು 1998ರಲ್ಲಿ ಸಾಬೀತಾಯಿತು. ಇದು ರಕ್ತದ ಘಟಕವೂ ಅಲ್ಲ, ವಂಶವಾಹಿಯೂ ಅಲ್ಲ, ಅಲ್ಟ್ರಾಸೌಂಡ್‌ ಅಳತೆ. ಇನ್ನೊಂದು ಬಿಸಿಎಲ್11ಎ ವಂಶವಾಹಿ. ಭ್ರೂಣ ಹಿಮೋಗ್ಲೋಬಿನ್‌ಗೆ ಅದರ ನಂಟನ್ನು 2007ರಲ್ಲಿ ಲಂಡನ್‌ನ ಕಿಂಗ್ಸ್ ಕಾಲೇಜಿನ ತಂಡ ತೋರಿಸಿತು. ಭ್ರೂಣ ಹಿಮೋಗ್ಲೋಬಿನ್ ಉತ್ಪತ್ತಿಗೆ ಆ ವಂಶವಾಹಿ ಒಡ್ಡುವ ತಡೆಯನ್ನು ಸಡಿಲಿಸುವ ವಂಶವಾಹಿ ತಿದ್ದುಪಡಿ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ನೀಡಿತು.

ಅದೇ ವರ್ಷದ ಜುಲೈ 1ರಂದು ಭಾರತ ಕುಡುಗೋಲು ಕಣ ನಿರ್ಮೂಲನಾ ಅಭಿಯಾನ ಆರಂಭಿಸಿತು. ಕರ್ನಾಟಕವೂ ಅದರಲ್ಲಿದೆ. ಮೇಲಿನ ಚರಿತ್ರೆಯ ಪಾಠ ಇಲ್ಲಿಗೆ ನೇರ ಅನ್ವಯಿಸುತ್ತದೆ: ಬುಡಕಟ್ಟಿನ ಹೆಸರಿನಿಂದ ಸೌಮ್ಯತೆಯನ್ನು ಊಹಿಸದೆ, ಪ್ರತಿ ಮಗುವಿನ ಭ್ರೂಣ ಹಿಮೋಗ್ಲೋಬಿನ್ ಅಳೆದು, ಮಿದುಳಿನ ರಕ್ತವೇಗ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸದಿದ್ದರೆ ತಪಾಸಣೆ ಕೇವಲ ತಲೆಯೆಣಿಕೆಯಾದೀತು.