ಬೆಳಕಿಗೆ ಅಂಜುವ ಮುಖಗಳು

ಸಯನೋಟೈಪ್, ಆಲ್ಬುಮೆನ್, ಕಾರ್ಬನ್ ಪ್ರಿಂಟ್ ಇವನ್ನೆಲ್ಲ ಈಗ ಒಟ್ಟಾಗಿ ‘ಪರ್ಯಾಯ’ ಮುದ್ರಣ ವಿಧಾನಗಳು ಎನ್ನುತ್ತಾರೆ. ಫೋಟೋಗ್ರಫಿಯ ಇತಿಹಾಸ ಓದುತ್ತಿರುವ ನನಗೆ ಈ ಹೆಸರು ಒಗ್ಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಲ್ಬುಮೆನ್ ಅಂದರೆ ಮಾಮೂಲಿ ಫೋಟೋ. ಮೊಟ್ಟೆಯ ಬಿಳಿಲೋಳೆಗೆ ಉಪ್ಪು ಬೆರೆಸಿ ಕಾಗದಕ್ಕೆ ಲೇಪಿಸಿ, ಒಣಗಿದ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ, ಮೇಲೊಂದು ಗಾಜಿನ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡಿದರೆ ಮುಖ ಮೂಡುತ್ತಿತ್ತು.

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ತಮ್ಮ ಭಾವಚಿತ್ರಗಳನ್ನು ಮುದ್ರಿಸುತ್ತಿದ್ದುದು ಹೀಗೆ. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದವರು. ಮಗಳು, ಅಳಿಯ ಸೇರಿ ಕ್ಯಾಮೆರಾ ಉಡುಗೊರೆ ಕೊಟ್ಟಾಗ ಅವರಿಗೆ 48 ವರ್ಷ. ಅದಾಗಿ ಎರಡೇ ವರ್ಷಕ್ಕೆ, 1865ರಲ್ಲಿ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಅವರ ಚಿತ್ರಗಳನ್ನು ಕೊಂಡು ಪ್ರದರ್ಶನಕ್ಕಿಟ್ಟಿತು. ಫೋಕಸ್ ಸರಿಯಿಲ್ಲ ಎಂದು ಫೋಟೋಗ್ರಾಫರುಗಳೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1867ರಲ್ಲಿ ಅವರು ತೆಗೆದ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್‌ರ ಚಿತ್ರ ನೋಡಿದವರು ಮರೆಯಲಾರರು. ಕತ್ತಲಿನಿಂದ ಹೊರಬಂದಂತಿರುವ ಮುದಿ ಮುಖ, ಕೆದರಿದ ಬೆಳ್ಳಗಿನ ಕೂದಲು, ನೀರಾಡುವ ಕಣ್ಣು. ಬೆಳಕಿನಲ್ಲಿ ಮೂಡಿದ ಚಿತ್ರ ಅದೇ ಬೆಳಕಿಗೆ ಅಳಿಯದಂತೆ ಹೈಪೋದಲ್ಲಿ ನಿಲ್ಲಿಸುವ ದಾರಿ ತೋರಿಸಿದವರು ಇದೇ ಹರ್ಷೆಲ್. 1842ರಲ್ಲಿ ಸಯನೋಟೈಪ್ ಕಂಡುಹಿಡಿದವರೂ ಅವರೇ.

ಆದರೆ ಹಾಗೆ ನಿಲ್ಲಿಸಿದ್ದು ಪೂರ್ತಿ ನಿಲ್ಲಲಿಲ್ಲ. ಆಲ್ಬುಮೆನ್ ಚಿತ್ರದ ಬೆಳ್ಳಿ ಮಾಸುತ್ತದೆ, ಲೋಳೆ ಹಳದಿಯಾಗುತ್ತದೆ. ಹಳೆಯ ಫೋಟೋದ ಆ ಹೊಂಬಣ್ಣವನ್ನು ನಾವು ಚೆಂದ ಎಂದುಕೊಳ್ಳುತ್ತೇವಲ್ಲ, ಅದರಲ್ಲಿ ಒಂದಿಷ್ಟು ಬರೀ ಸವೆತ. ಕ್ಯಾಮರಾನ್‌ಗೂ ಬಾಳಿಕೆಯ ಚಿಂತೆ ಇತ್ತು. 1875ರಲ್ಲಿ ಸಿಲೋನಿಗೆ ಹೊರಡುವ ಹೊತ್ತಿಗೆ ತಮ್ಮ ಆಯ್ದ ಚಿತ್ರಗಳನ್ನು ಆಟೋಟೈಪ್ ಕಂಪನಿಯಿಂದ ಕಾರ್ಬನ್ ಪ್ರಿಂಟ್ ಮಾಡಿಸಿದರು. ಇದರಲ್ಲಿ ಬೆಳ್ಳಿಯೇ ಇಲ್ಲ; ಜೆಲಟಿನ್‌ನಲ್ಲಿ ಕಲಸಿದ ಬಣ್ಣದ ಪುಡಿಯೇ ಚಿತ್ರವಾಗುತ್ತದೆ. ಹಾಗಾಗಿ ಸುಲಭವಾಗಿ ಮಾಸುವುದಿಲ್ಲ.

ಇಂಥ ಚಿತ್ರಗಳನ್ನು ಇಂದು ಗೋಡೆಗೆ ಹಾಕುವುದೆಂದರೆ ಒಂದಿಷ್ಟು ಕಳೆದುಕೊಳ್ಳಲು ಒಪ್ಪಿದಂತೆ. ಆಲ್ಬುಮೆನ್ ಇದ್ದರೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕು, ಕೆಲವೇ ತಿಂಗಳು, ಆಮೇಲೆ ಮತ್ತೆ ಕತ್ತಲ ಪೆಟ್ಟಿಗೆ. ಸಯನೋಟೈಪ್ ಮಾತ್ರ ವಿಚಿತ್ರ. ಬೆಳಕಿಗೆ ಬಿಳಚಿಕೊಂಡರೂ ಕತ್ತಲಲ್ಲಿ ಗಾಳಿಯಾಡುವಂತೆ ಇಟ್ಟರೆ ಕಳೆದ ನೀಲಿಯ ಬಹುಪಾಲು ಮರಳುತ್ತದೆ. ಬೆಳ್ಳಿಗೆ ಆ ಭಾಗ್ಯವಿಲ್ಲ.

ಹಾಗಿದ್ದರೆ ತೋರಿಸುವುದೇಕೆ, ಒಳ್ಳೆಯ ಡಿಜಿಟಲ್ ಪ್ರತಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು ಎಂಬುದು ನನ್ನ ವಾದ. ಪರದೆಯ ಮೇಲೆ ಆಲ್ಬುಮೆನ್ನೂ ಕಾರ್ಬನ್ನೂ ಒಂದೇ ಕಂದು ಚೌಕ. ಲೋಳೆಯ ಹೊಳಪು, ಕಾರ್ಬನ್‌ನ ನೆರಳಿನ ದಪ್ಪ ಎರಡೂ ಅಲ್ಲಿ ಕಾಣುವುದಿಲ್ಲ. ನನ್ನ ಕೈಯಲ್ಲಿದ್ದರೆ ಒಂದೇ ಮುಖದ ಎರಡೂ ಮುದ್ರಣಗಳನ್ನು ಪಕ್ಕಪಕ್ಕದಲ್ಲೇ ತೂಗುಹಾಕುತ್ತಿದ್ದೆ. ಮೂರು ತಿಂಗಳಾದ ಮೇಲೆ ಆಲ್ಬುಮೆನ್ ಇಳಿಸಿ, ಆ ಜಾಗಕ್ಕೆ ಬೇರೇನೂ ಹಾಕದೆ, ಅದು ಯಾಕೆ ಒಳಗೆ ಹೋಯಿತೆಂದು ಒಂದು ಚೀಟಿ ಅಂಟಿಸುತ್ತಿದ್ದೆ.