ಕೈಮಾತಿಗೊಬ್ಬ ದುಭಾಷಿ

ಕೆಲವು ವರ್ಷಗಳ ಹಿಂದೆ ಹೆಬಳೆಯಲ್ಲಿ ಒಂದು ನಿಕಾಹ್. ವರನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಖಾಜಿ ಸಾಹೇಬರು ವಧುವಿನ ಹೆಸರು, ಮಹರಿನ ಮೊತ್ತ ಹೇಳಿ ಒಪ್ಪಿಗೆ ಕೇಳಿದಾಗ ವರನ ತಮ್ಮ ಎದುರಿಗೆ ಬಂದು ಕುಳಿತು ಕೈಯಾಡಿಸಿದ. ವರ ಗಮನವಿಟ್ಟು ನೋಡಿ, ಎದೆ ಮುಟ್ಟಿಕೊಂಡು ಕೈಯಲ್ಲೇ ಉತ್ತರಿಸಿದ. ಹಿಂದಿನಿಂದ ಯಾರೋ "ಬಾಯಿಂದ ಹೇಳಬೇಡವೇ?" ಎಂದು ಗೊಣಗಿದರು. ಖಾಜಿ ಸಾಹೇಬರು ತಲೆಯೆತ್ತದೆ, "ಇವನಿಗೆ ಕೈಯೇ ಬಾಯಿ" ಎಂದು ದಫ್ತರು ಬರೆಯತೊಡಗಿದರು.

ಊಟದ ಹೊತ್ತಿನಲ್ಲಿ ಆ ತಮ್ಮ ನನ್ನ ಪಕ್ಕದಲ್ಲಿದ್ದ. "ಚೆನ್ನಾಗಿ ಹೇಳಿದೆಯಪ್ಪಾ" ಎಂದೆ. ಅವನು ನಗಲಿಲ್ಲ. "ಇವತ್ತಿನದು ಸುಲಭ ಸಾಹೇಬರೇ. ಅಬ್ಬಾ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರ್ ಹೇಳಿದ್ದನ್ನು ಅಣ್ಣನಿಗೆ ಪೂರ್ತಿ ಹೇಳಲಿಲ್ಲ. ದುಃಖ ಪಡುತ್ತಾನೆ ಅಂತ ಅರ್ಧ ನುಂಗಿಬಿಟ್ಟೆ. ಅಬ್ಬಾ ತೀರಿಕೊಂಡರು. ನನ್ನ ತಂದೆಯ ವಿಷಯವನ್ನು ನನ್ನಿಂದಲೇ ಯಾಕೆ ಮುಚ್ಚಿಟ್ಟೆ ಅಂತ ಅಣ್ಣ ಈಗಲೂ ಕೇಳುತ್ತಾನೆ" ಎಂದ.

ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕಿವುಡರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ದಾಟಿಸುವ ದುಭಾಷಿ ಎಲ್ಲಿ ತಯಾರಾಗಬೇಕು? ಮನೆಯಲ್ಲೋ, ಶಾಲೆಯಲ್ಲೋ?

ಇತಿಹಾಸದಲ್ಲಿ ಇದಕ್ಕೆ ಒಂದು ಕಹಿ ಪಾಠವಿದೆ. ಮಾತೇ ಕೇಳದ ಮಗು ಯಾವ ಭಾಷೆ ಆಡುತ್ತದೆಂದು ತಿಳಿಯಲು ಅಕ್ಬರ್ ಬಾದಶಹ ಹಸುಗೂಸುಗಳನ್ನು ಮಾತಾಡದ ದಾದಿಯರೊಂದಿಗೆ ಒಂದು ಕಟ್ಟಡದಲ್ಲಿರಿಸಿದ. ಜನ ಅದನ್ನು ಗುಂಗ್ ಮಹಲ್, ಅಂದರೆ ಮೂಕರ ಮಹಲು ಎಂದು ಕರೆದರು. 1582ರಲ್ಲಿ ಅವನು ಹೋಗಿ ನೋಡಿದಾಗ ಮಕ್ಕಳ ಬಾಯಲ್ಲಿ ಒಂದು ಮಾತೂ ಇರಲಿಲ್ಲವೆಂದು ಅಬುಲ್ ಫಜಲ್ ಬರೆದಿದ್ದಾನೆ. ಜನರ ಒಡನಾಟವಿಲ್ಲದೆ ಭಾಷೆ ಹುಟ್ಟದು.

ಇದಕ್ಕೆ ವಿರುದ್ಧವಾದ ಚಿತ್ರ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯದು. 16 ಮತ್ತು 17ನೇ ಶತಮಾನಗಳಲ್ಲಿ ಅಲ್ಲಿ ಹಲವು ಕಿವುಡ ಸೇವಕರಿದ್ದರು. ಹಿರಿಯ ಕಿವುಡರು ಎಳೆಯರನ್ನು ಸುತ್ತ ಕೂರಿಸಿಕೊಂಡು ಕಥೆ, ಚರಿತ್ರೆ, ಧರ್ಮದ ಸಂಗತಿಗಳನ್ನೆಲ್ಲ ಸನ್ನೆಯಲ್ಲೇ ಕಲಿಸುತ್ತಿದ್ದರೆಂದು ಅಂದಿನ ಯುರೋಪಿಯನ್ನರು ಬರೆದಿಟ್ಟಿದ್ದಾರೆ. ಕಿವಿ ಕೇಳುವ ಆಸ್ಥಾನಿಕರೂ ಅದನ್ನು ಕಲಿತರು. ಸುಲ್ತಾನ್ ಎರಡನೇ ಉಸ್ಮಾನ್ ಸ್ವತಃ ಕಲಿತಿದ್ದನಂತೆ. ಅಲ್ಲಿ ಗುರುಗಳು ಕಿವುಡರು, ಶಿಷ್ಯರು ನಾವು!

ಅದೇ ಉಸ್ಮಾನಿಯಾ ರಾಜ್ಯದಲ್ಲಿ 1869ರಿಂದ 1876ರವರೆಗೆ ರೂಪುಗೊಂಡ ನಾಗರಿಕ ಕಾನೂನು ಸಂಹಿತೆ 'ಮಜಲ್ಲ'. ಮಾತು ಬಾರದವನ ರೂಢಿಯ ಸನ್ನೆ ಬಾಯಿಮಾತಿಗೆ ಸಮ ಎನ್ನುತ್ತದೆ ಅದರ 70ನೇ ಕಲಮು. ದುಭಾಷಿಯ ಮಾತನ್ನು ಒಪ್ಪಬೇಕು ಎನ್ನುತ್ತದೆ ಮರುಕಲಮು. ನಮ್ಮ ಖಾಜಿ ಸಾಹೇಬರು ನಡೆದದ್ದು ಈ ಹಳೆಯ ದಾರಿಯಲ್ಲೇ. ನಮ್ಮ ದೇಶದ 1872ರ ಸಾಕ್ಷ್ಯ ಕಾಯ್ದೆಯ 119ನೇ ಕಲಮೂ ಸನ್ನೆಯ ಸಾಕ್ಷ್ಯವನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಒಪ್ಪಿತ್ತು. ಆದರೆ ಅಂಥ ಸಾಕ್ಷಿಗೆ ನ್ಯಾಯಾಲಯ ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕೆಂಬ ಮಾತು ಅದಕ್ಕೆ ಸೇರಿದ್ದು 2013ರ ತಿದ್ದುಪಡಿಯಲ್ಲಿ. ನಡುವೆ 141 ವರ್ಷ!

ಅಷ್ಟು ಕಾಲ ದುಭಾಷಿಗಳಾಗಿದ್ದವರು ಯಾರು? ತಮ್ಮ, ತಂಗಿ, ಮಗಳು, ನೆರೆಯವರು. 2001ರ ಸುಮಾರಿಗೆ ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಸನ್ನೆ ಭಾಷೆಯ ಕ್ರಮಬದ್ಧ ತರಬೇತಿ ಶುರುವಾಯಿತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ದುಭಾಷಿಗಳಿಗಾಗಿ ಡಿಪ್ಲೊಮಾ ಇದೆ. ಸನ್ನೆ ಭಾಷೆ ಕಲಿಸುವವರ ಡಿಪ್ಲೊಮಾ ಮಾತ್ರ ಕಿವುಡರಿಗೇ ಮೀಸಲು. ತೋಪ್‌ಕಾಪಿಯ ಪದ್ಧತಿ ಹೀಗೆ ಮರಳಿ ಬಂದಿದೆ. ಈ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳು ಸೇರಿದ್ದವು.

ಆದರೆ ನಿಘಂಟು ಬಾಯಿಪಾಠ ಮಾಡಿದವನು ದುಭಾಷಿಯಾಗುವನೇ? 1970ರ ದಶಕದ ಕೊನೆಯಲ್ಲಿ, ಸ್ವತಃ ಕಿವುಡರಾದ ಮದನ್ ವಾಸಿಷ್ಠ ಮತ್ತು ಅವರ ಸಂಗಡಿಗರು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ ನೋಡಿದರು. ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಸಂಬಂಧವುಳ್ಳವು. ಉಳಿದ ಕಾಲು ಪಾಲನ್ನು ಆಯಾ ಊರಿನ ಕಿವುಡರಿಂದಲೇ ಕಲಿಯಬೇಕು.

ಅಷ್ಟು ದೂರವೇಕೆ? ನಮ್ಮ ರಾಜ್ಯದ ಗೌರಿಬಿದನೂರು ತಾಲೂಕಿನ ಅಲೀಪುರಕ್ಕೆ ಹೋಗಿ. ಶಿಯಾ ಮುಸ್ಲಿಮರು ಹೆಚ್ಚಾಗಿರುವ, ಉರ್ದು ಮಾತಾಡುವ ಆ ಊರಿನಲ್ಲಿ ಹುಟ್ಟುಕಿವುಡುತನ ಹಲವು ಮನೆಗಳಲ್ಲಿದೆ. ಸುಮಾರು 150 ಮಂದಿ ಕಿವುಡರಿರುವ ಅಲ್ಲಿ ಅವರದೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವುಡ ಸಂಶೋಧಕ ಸಿಬಾಜಿ ಪಾಂಡಾ ಅದನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಕಿವಿ ಕೇಳುವ ಬಂಧುಗಳು, ನೆರೆಹೊರೆಯವರು ಕೂಡ ಆ ಭಾಷೆ ಬಲ್ಲರು. ನಗರದ ಕಿವುಡರ ಶಾಲೆಗಳಿಗೆ ಹೋದ ಮಕ್ಕಳು ಭಾರತೀಯ ಸನ್ನೆ ಭಾಷೆಯನ್ನು ತರುತ್ತಿರುವುದರಿಂದ ಊರಿನ ಹಳೆಯ ಸನ್ನೆಗಳು ಹಿಂದೆ ಸರಿಯತೊಡಗಿವೆ. ಡಿಪ್ಲೊಮಾ ಪಡೆದ ದುಭಾಷಿಯೂ ಅಲೀಪುರದ ಜಗಲಿಯಲ್ಲಿ ಮತ್ತೆ ಅಲಿಫ್‌ನಿಂದ ಆರಂಭಿಸಬೇಕು.

ದುಭಾಷಿ ಜೊತೆಗಿದ್ದರೆ ಏನಾಗಬಹುದು? 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸನ್ನೆ ಭಾಷೆಯ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಹೀಗೆಯೇ ವಾದ ಮಂಡಿಸಿದರು. ಅಲ್ಲಿ ವಾದ ಅವರದು. ದುಭಾಷಿ ಒಂದು ಮಾತನ್ನೂ ಸೇರಿಸಲಿಲ್ಲ, ನುಂಗಲಿಲ್ಲ ಎಂಬ ಭರವಸೆಯ ಮೇಲೆಯೇ ಅದು ನಿಂತಿತ್ತು.

ನಿಕಾಹ್ ದಿನ ಆ ತಮ್ಮನನ್ನು ಇನ್ನೊಂದು ಮಾತು ಕೇಳಿದ್ದೆ. "ಇದನ್ನು ಎಲ್ಲಿ ಕಲಿತೆ?" "ಕಲಿಯಲಿಲ್ಲ, ಅಣ್ಣನ ಜೊತೆ ಬೆಳೆದೆ" ಎಂದಿದ್ದ. ಯಾವ ಕಾಲೇಜೂ ಕೊಡಲಾರದ ಅರ್ಧ ಅವನ ಬಳಿಯಿತ್ತು. ತನ್ನ ಪ್ರೀತಿಯನ್ನೂ ಭಯವನ್ನೂ ಬದಿಗಿಟ್ಟು ಇದ್ದದ್ದನ್ನು ಇದ್ದ ಹಾಗೆ ದಾಟಿಸಬೇಕೆಂಬ ಇನ್ನರ್ಧವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಗತಿಯಿಂದ ಹೊರಬರುವ ವಿದ್ಯಾರ್ಥಿಗೆ ಆ ನಿಯಮ ಗೊತ್ತು, ಅಣ್ಣ ಗೊತ್ತಿಲ್ಲ. ಆದ್ದರಿಂದಲೇ ಅವನು ಕಿವುಡರ ಮನೆ, ಮದುವೆ, ಅಂಗಡಿ, ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಕಲಿಯಬೇಕು.

ಹೆಬಳೆ, ಭಟ್ಕಳಗಳ ನಾವು ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಕನ್ನಡ, ಮದ್ರಸದಲ್ಲಿ ಉರ್ದು ಎಂದು ಹೊತ್ತಿಗೊಂದು ಭಾಷೆ ಆಡುವವರು. ಇನ್ನೊಂದು ಭಾಷೆ ನಮಗೆ ಭಾರವಾಗದು. ಅದನ್ನು ಕಲಿಸುವ ಉಸ್ತಾದರು ನಮ್ಮ ಓಣಿಯಲ್ಲೇ ಮೌನವಾಗಿ ಕುಳಿತಿದ್ದಾರೆ. ನಾವು ಹೋಗಿ ಅವರ ಎದುರು ಕೂರಬೇಕಷ್ಟೆ.