ಮೊದಲು ಓಡಿ ಬಂದವರು

ಮಾವಳ್ಳಿ ಎಂದರೆ ಹೊರಗಿನವರಿಗೆ ಗುರುತು ಹತ್ತುವುದಿಲ್ಲ. ಮುರ್ಡೇಶ್ವರ ಎಂದರೆ ಶಿವನ ದೊಡ್ಡ ಮೂರ್ತಿ, ಎತ್ತರದ ಗೋಪುರ, ಬೀಚು ಎಲ್ಲ ಕಣ್ಣಿಗೆ ಬರುತ್ತದೆ. ಆ ಮುರ್ಡೇಶ್ವರ ಇರುವುದು ಭಟ್ಕಳ ತಾಲ್ಲೂಕಿನ ನಮ್ಮ ಮಾವಳ್ಳಿಯಲ್ಲೇ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸ್ವಲ್ಪ ದೂರ ನಡೆದರೆ ಘಟ್ಟದ ಕಾಡು. ಈ ಎರಡರ ನಡುವಿನ ಕಿರುಪಟ್ಟಿಯಲ್ಲಿ ಜ್ವರ ಕಾಡಿನಿಂದ ಇಳಿದು ಬರುತ್ತದೆ, ಆಪತ್ತು ಕಡಲಿನಿಂದಲೂ ಮಳೆಯಿಂದಲೂ ಬರುತ್ತದೆ. ನಾನು ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲೇ ಸೇವೆ ಮುಗಿಸಿದವನು. ಇಲಾಖೆಯ ಜೀಪು ಎಲ್ಲಿಗೆ ಹೋದರೂ ನಮಗಿಂತ ಮೊದಲೇ ಯಾರಾದರೊಬ್ಬರು ಅಲ್ಲಿ ಬಂದು ನಿಂತಿರುತ್ತಿದ್ದರು. ರೋಗಿಗೆ ನೀರು ಕುಡಿಸಿರುತ್ತಿದ್ದರು, ಹೆಣವಿದ್ದರೆ ಬಟ್ಟೆ ಹೊದಿಸಿರುತ್ತಿದ್ದರು. ವರದಿ ಬರೆದದ್ದು ನಾವು. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ.

ಹಳೆಯ ಕಾಲದಿಂದ ಶುರುಮಾಡುತ್ತೇನೆ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು, ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಬಂತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನ ಎಷ್ಟು ರೊಚ್ಚಿಗೆದ್ದರೆಂದರೆ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ಆಯಿತು. ಅದಾದ ಮರುವರ್ಷ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಸಾವಿರಾರು ಮಂದಿ ಹಾಕಿಸಿಕೊಂಡರು. ಪ್ರಾಂತ್ಯ ಒಂದೇ, ಕಾಯ್ದೆಯೂ ಒಂದೇ. ಬಾಗಿಲು ಬಡಿಯುವವನ ಮೇಲೆ ಮನೆಯವರಿಗೆ ನಂಬಿಕೆ ಇಲ್ಲದಿದ್ದರೆ ಔಷಧ ಒಳಗೆ ಹೋಗುವುದೇ ಇಲ್ಲ. ಮುಂದೆ ನನ್ನ ನೌಕರಿಯಲ್ಲಿ ದಿನವೂ ಕಂಡದ್ದು ಇದನ್ನೇ.

ಪ್ಲೇಗಿಗಿಂತ ಹೆಚ್ಚಾಗಿ ಈ ಜಿಲ್ಲೆಯನ್ನು ತಿಂದದ್ದು ಮಲೇರಿಯಾ, ಅದರಲ್ಲೂ ಘಟ್ಟದ ಮೇಲಿನ ತಾಲ್ಲೂಕುಗಳನ್ನು. ಅಲ್ಲಿ ಸಂಸಾರಕ್ಕೆ ಸಂಸಾರವೇ ಅಳಿದುಹೋದ ಕಥೆಗಳನ್ನು ನಮ್ಮ ಹಿರಿಯರೂ ಹೇಳುತ್ತಿದ್ದರು. 1946ರ ಹೊತ್ತಿಗೆ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಹೊಡೆಯುವ ಕೆಲಸ ನಡೆಯಿತು. ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದು ಒಂದು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದದ್ದು ಆಮೇಲೆ, 1953ರಲ್ಲಿ. ರೋಗ ತಗ್ಗಿತು, ಎಪ್ಪತ್ತರ ದಶಕದಲ್ಲಿ ಮತ್ತೆ ತಲೆ ಎತ್ತಿತು. 1977ರಲ್ಲಿ ಹೊಸ ಯೋಜನೆ ಮಾಡಿ, ಊರಿನವರ ಕೈಯಲ್ಲೇ ಕ್ಲೋರೋಕ್ವಿನ್ ಮಾತ್ರೆ ಇಡುವ ಏರ್ಪಾಡು ತಂದರು. ಶಾಲೆಯ ಮಾಸ್ತರು, ಅಂಚೆಯವನು, ಅಂಗಡಿಯವನು, ಯಾರಾದರೂ ಸರಿ. ಸಂಬಳವಿಲ್ಲ. ಕೆಲವರಿಗೆ ರಕ್ತದ ಲೇಪನ ತೆಗೆಯಲು ಗಾಜಿನ ಪಟ್ಟಿಗಳನ್ನೂ ಕೊಡುತ್ತಿದ್ದೆವು. ನಾನು ನೌಕರಿಗೆ ಸೇರಿದಾಗ ಹೊನ್ನಾವರದ ಕಡೆಯ ಒಬ್ಬ ಅಂಚೆಯವರು ಕಾಗದದ ಚೀಲದ ಮತ್ತೊಂದು ಖಾನೆಯಲ್ಲಿ ಮಾತ್ರೆ ಇಟ್ಟುಕೊಂಡು ತಿರುಗುತ್ತಿದ್ದರು. ಜ್ವರದವರ ಹೆಸರನ್ನು ಮನಿಯಾರ್ಡರ್ ಬರೆಯುವಷ್ಟೇ ಅಚ್ಚುಕಟ್ಟಾಗಿ ಬರೆದಿಡುತ್ತಿದ್ದರು. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಅದನ್ನು ನಕಲು ಮಾಡಿಕೊಂಡು ಬಂದರೆ ಮೇಲಿನವರು ನನ್ನ ಕೆಲಸ ಚೆನ್ನಾಗಿದೆ ಎನ್ನುತ್ತಿದ್ದರು.

ಈಗ ಮಂಗನ ಕಾಯಿಲೆಯ ಮಾತು. ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಅದೇ.

1957ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ಅವರ ಜೊತೆಯವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಕಾಡಿನ ಉಣುಗು ಕಚ್ಚಿದರೆ ಬರುವ ರೋಗ ಅದು. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ನೆಲದ ತರಗೆಲೆಗೆ ಸೇರುತ್ತವೆ, ತರಗೆಲೆ ಗುಡಿಸಲು ಬಂದವರ ಕಾಲಿಗೆ ಹತ್ತುತ್ತವೆ. ಮುಂದಿನ ದಶಕಗಳಲ್ಲಿ ರೋಗ ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಕುಮಟಾ ಕಡೆಗೂ ಬಂತು. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಕಟ್ಟಿಗೆ ಕೂಡಿಡುವ ಕಾಲವೂ ಅದೇ. ಕಾಡಿಗೆ ಹೋಗಬೇಡಿ ಎಂದು ಹೇಳುವುದು ನಮಗೆ ಸುಲಭವಾಗಿತ್ತು. ಅವರ ಬದುಕಿದ್ದದ್ದು ಅಲ್ಲಿ.

ಸತ್ತ ಮಂಗದ ಸುದ್ದಿ ನಮಗೆ ತಲುಪಿಸುತ್ತಿದ್ದವರು ದನ ಕಾಯುವ ಹುಡುಗರು, ಕಟ್ಟಿಗೆಗೆ ಹೋಗುವ ಹೆಂಗಸರು. ಫೋನಿಲ್ಲದ ಕಾಲ. ಒಬ್ಬ ಹುಡುಗ ಗೇರಸೊಪ್ಪೆಯ ಕಡೆಯ ಕಾಡಿನಿಂದ ರಸ್ತೆಗೆ ಓಡಿ ಬಂದು, ಸಿಕ್ಕಿದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿದ್ದ. ನಾವು ಹೋಗಿ ಹೆಣವನ್ನು ಸುಡಬೇಕು, ಸುತ್ತ ಐವತ್ತು ಮೀಟರಿನೊಳಗೆ ಮೆಲಾಥಿಯಾನ್ ಪುಡಿ ಉದುರಿಸಬೇಕು. ಅಲ್ಲಿಯ ತನಕ ಯಾರೂ ಆ ಜಾಗ ತುಳಿಯದಂತೆ ಕಾಯುತ್ತಿದ್ದವರು ಊರಿನ ಹುಡುಗರು. ಸೌದೆ ಒಟ್ಟಿದವರೂ ಅವರೇ. ಆಗ ಅವರಿಗೆ ಕೈಗವಸು ಇರಲಿಲ್ಲ, ನಮಗಿದ್ದದ್ದೂ ಎಲ್ಲರಿಗೆ ಸಾಲುವಷ್ಟಲ್ಲ. ಉಣುಗು ಹತ್ತದಂತೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಎಂದು ಶೀಶೆ ಕೊಟ್ಟರೆ, ಅದನ್ನು ಮನೆಯ ಹೆಂಗಸರಿಗೆ ಕೊಟ್ಟು ತಾವು ಬರಿಮೈಯಲ್ಲಿ ಬರುತ್ತಿದ್ದರು.

1990ರ ಸುಮಾರಿಗೆ ಲಸಿಕೆ ಬಂತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಧಕ ಡೋಸು. ಚುಚ್ಚಿದ ಜಾಗ ತುಂಬ ನೋಯುತ್ತಿತ್ತು. ಮೊದಲ ಡೋಸು ತೆಗೆದುಕೊಂಡವರು ಎರಡನೆಯದಕ್ಕೆ ಮನೆಯ ಹಿಂಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. ಅಂಥವರನ್ನು ಕರೆತಂದವರು ಅಂಗನವಾಡಿಯವರು, ಸ್ವಸಹಾಯ ಸಂಘದ ಹೆಂಗಸರು, ಮುಂದೆ ಆಶಾ ಕಾರ್ಯಕರ್ತೆಯರು. "ಅಣ್ಣ, ನೀವು ಹೇಳಿದ್ರೆ ಬರೂದಿಲ್ಲ. ನಾನು ಅವರ ಕೊಟ್ಟಿಗೇಲೇ ಕೂತ್ಕಂತೆ, ಹಾಲು ಕರೆದು ಹೊರಗೆ ಬರ್ಲೇಬೇಕಲ್ಲ," ಎಂದು ಹೋದ ಒಬ್ಬಳು ನಿಜವಾಗಿಯೂ ಮೂವರನ್ನು ಕರೆದುಕೊಂಡೇ ಬಂದಳು.

ಆ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ವಿಜ್ಞಾನ ತನ್ನನ್ನು ತಿದ್ದಿಕೊಂಡಿತು, ಅದು ಸರಿಯಾದದ್ದೇ. ಆದರೆ ಕೊಟ್ಟಿಗೆಯಲ್ಲಿ ಕೂತು ಮಾತು ಕೊಟ್ಟವಳ ಗತಿ? ನೆರೆಮನೆಯವರು ಪ್ರಯೋಗಾಲಯವನ್ನು ಕೇಳಲು ಹೋಗಲಿಲ್ಲ, ಅವಳನ್ನೇ ಕೇಳಿದರು. ಸರ್ಕಾರ ಯಾವ ಯೋಜನೆ ತಂದರೂ ಅದಕ್ಕೆ ಜಾಮೀನು ನಿಲ್ಲುವುದು ಇಂಥವರ ಮುಖ. ಆ ಜಾಮೀನಿಗೆ ಬೆಲೆ ಕಟ್ಟಿದವರನ್ನು ನಾನು ಇಲಾಖೆಯಲ್ಲಿ ಕಾಣಲಿಲ್ಲ. ಅವಳು ಮಾತ್ರ ಮರುವರ್ಷದ ಹಂಗಾಮಿನಲ್ಲಿ ಮತ್ತೆ ಅದೇ ಮನೆಗಳಿಗೆ ಎಣ್ಣೆಯ ಶೀಶೆ ಹಿಡಿದು ಹೋದಳು. ಮೊದಲು ಬೈಸಿಕೊಂಡಳು, ಆಮೇಲೆ ಚಹಾ ಕುಡಿದು ಬಂದಳು.

ಕಡಲಿನ ಕಡೆ ಬೇರೆಯೇ ಸಂಪ್ರದಾಯ. ಒಂದು ದೋಣಿ ಹೊತ್ತಿಗೆ ಮರಳದಿದ್ದರೆ ಉಳಿದವರು ಬಲೆ ಬಿಟ್ಟು ಹುಡುಕಲು ಹೋಗಬೇಕು. ಕರೆಯಲು ಯಾರೂ ಬರುವುದಿಲ್ಲ, ಡೀಸೆಲಿನ ದುಡ್ಡು ಯಾರೂ ಕೇಳುವುದಿಲ್ಲ. ನಮ್ಮ ದಂಡೆಯ ಮೊಗೇರರಲ್ಲಿ, ಖಾರ್ವಿಯವರಲ್ಲಿ, ಹರಿಕಂತ್ರರಲ್ಲಿ ಇದು ಹುಟ್ಟಿನಿಂದ ಬಂದ ನಡೆ. ಮುರ್ಡೇಶ್ವರಕ್ಕೆ ಪ್ರವಾಸಿಗರು ಹೆಚ್ಚಿದ ಮೇಲೆ ಆ ನಡೆ ಪರವೂರಿನವರಿಗೂ ದಕ್ಕಿತು. ಬಯಲುಸೀಮೆಯಿಂದ ಬಂದ ಮಕ್ಕಳು ಅಲೆಯನ್ನು ಕೆರೆಯ ನೀರಿನಂತೆ ನಂಬಿ ಇಳಿಯುತ್ತಾರೆ. ಸೆಳೆತ ಎಲ್ಲಿದೆ ಎಂದು ಗೊತ್ತಿರುವುದು ಇಲ್ಲಿಯ ಹುಡುಗರಿಗೆ ಮಾತ್ರ. ಜೀವರಕ್ಷಕರಾಗಿ ನಿಂತವರು ಹೆಚ್ಚಾಗಿ ಈ ಮನೆಗಳವರೇ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಇಲ್ಲಿ ಮುಳುಗಿ ತೀರಿಹೋದರು. ಅವರ ಜೊತೆ ಸೆಳೆತಕ್ಕೆ ಸಿಕ್ಕ ಬೇರೆ ಮಕ್ಕಳು ಬದುಕಿ ಬಂದರು. ಬೀಚು ಮುಚ್ಚಿದ್ದು, ಫಲಕ ಹಾಕಿದ್ದು ಪತ್ರಿಕೆಯಲ್ಲಿ ಬಂತು. ಮಕ್ಕಳನ್ನು ಉಳಿಸಲು ನೀರಿಗೆ ಹಾರಿದವರಿಗೆ ಅಂದು ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಅವರನ್ನು ಕೂರಿಸಿಕೊಂಡು ಮಾತಾಡಿಸುವ ಏರ್ಪಾಡು ನಮ್ಮಲ್ಲಿ ಇನ್ನೂ ಇಲ್ಲ. ಇದು ಆಗಲೇಬೇಕು.

ಮಳೆಯ ವಿಷಯ ಬೇಗ ಹೇಳುತ್ತೇನೆ, ಪತ್ರಿಕೆ ಓದುವವರಿಗೆ ಅದು ಗೊತ್ತಿರುವಂಥದೇ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ 24 ಗಂಟೆಗಳೊಳಗೆ 50 ಸೆಂಟಿಮೀಟರಿಗೂ ಮೀರಿ ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಪೇಟೆಯ ಅಂಗಡಿಗಳಲ್ಲಿ ನೀರು ನಿಂತಾಗ ದೋಣಿ ತಂದವರು ಮೀನುಗಾರರು, ಅನ್ನ ತಂದವರು ಮಸೀದಿ ಮತ್ತು ದೇವಸ್ಥಾನ ಎರಡೂ ಕಡೆಯ ತರುಣರು. 2020ರಲ್ಲಿ ಜಿಲ್ಲೆಯ ಮೊದಲ ಕೋವಿಡ್ ರೋಗಿಗಳು ಭಟ್ಕಳದಲ್ಲೇ ಕಂಡು, ಅವರಿಗೆ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಾಗ, ಬಂದ್ ಆದ ಊರಿನಲ್ಲಿ ಮನೆಮನೆಗೆ ದಿನಸಿ ಮುಟ್ಟಿಸಿದ ಹುಡುಗರನ್ನು ಮರೆಯಬಾರದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ ಮಲ್ಪೆಯ ಈಶ್ವರ್ ಮಲ್ಪೆ ಕೆಸರು ತುಂಬಿದ ಗಂಗಾವಳಿ ನದಿಯಲ್ಲಿ ಮತ್ತೆ ಮತ್ತೆ ಮುಳುಗಿ ಹುಡುಕಿದರು. ಅವರ ಹೆಸರು ನಾಡಿಗೆಲ್ಲ ಗೊತ್ತಾಯಿತು, ಸಂತೋಷ. ಉಳವರೆಯ ದಡದಲ್ಲಿ ಕೊಚ್ಚಿಹೋದ ಮನೆಗಳವರನ್ನು ಎತ್ತಿ ತಂದ ನೆರೆಯವರ ಹೆಸರೂ ಗೊತ್ತಾಗಲಿ.

ಇಷ್ಟೆಲ್ಲ ಕೈಗಳಿದ್ದರೂ ಒಂದು ಕೊರತೆಯನ್ನು ಅವು ತುಂಬಲಾರವು. ತಲೆಗೆ ಪೆಟ್ಟಾದರೆ, ಎದೆ ಹಿಡಿದರೆ ನಮ್ಮವರು ಇಂದಿಗೂ ಹೋಗುವುದು ಮಣಿಪಾಲಕ್ಕೆ, ಇಲ್ಲಿಂದ ಸುಮಾರು ನೂರು ಕಿಲೋಮೀಟರು. ಆಂಬುಲೆನ್ಸ್ ಹಿಂದೆ ರಕ್ತ ಕೊಡುವ ಹುಡುಗರು ಕಾರು ಮಾಡಿಕೊಂಡು ಹೋಗುತ್ತಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಜೋರಾಯಿತು. ಸ್ವಯಂಸೇವಕರು ಚೆನ್ನಾಗಿ ಓಡುತ್ತಾರೆ ಎಂಬುದು ಆಸ್ಪತ್ರೆ ಕಟ್ಟದಿರಲು ನೆಪವಾಗಕೂಡದು.

ಆಶಾ ಕಾರ್ಯಕರ್ತೆಯರ ಲೆಕ್ಕವೂ ಹಾಗೆಯೇ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸಾವಿರ ಜನಕ್ಕೆ ಒಬ್ಬಳಂತೆ, ಅದೇ ಊರಿನವಳನ್ನು ಆರಿಸಿದರು. ಕಡತದಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಸಿಗುವುದು ಸಂಬಳವಲ್ಲ, ಗೌರವಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಮೇಲೆ, ಏಪ್ರಿಲಿನಿಂದ ತಿಂಗಳಿಗೆ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಸಿಕ್ಕಿತು. ಆಗಸ್ಟಿನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಮಂಗನ ಕಾಯಿಲೆಯ ಹಂಗಾಮಿನಲ್ಲಿ ಕಾಡಂಚಿನ ಮನೆಗಳಿಗೆ ನಡೆಯುವವಳಿಗೆ, ಸೆಳೆತಕ್ಕೆ ಹಾರುವವನಿಗೆ ನಿಗದಿತ ಸಂಬಳ ಮತ್ತು ವಿಮೆ ಎರಡೂ ಬೇಕು. ಇದನ್ನು ಉಪಕಾರವೆಂದು ಯಾರೂ ಕೊಡಬೇಕಾಗಿಲ್ಲ, ಇದು ಅವರಿಗೆ ಸಲ್ಲಬೇಕಾದದ್ದು.

ನಿವೃತ್ತಿಯಾದ ಮೇಲೆ ನಾನು ಒಂದು ಪುಸ್ತಕದಲ್ಲಿ ಇಂಥವರ ಹೆಸರು, ಊರು, ವರ್ಷ, ಮಾಡಿದ ಕೆಲಸ ಬರೆದಿಡುತ್ತಿದ್ದೇನೆ. ಅಂಚೆಯವರ ಹೆಸರು ಮೊದಲ ಪುಟದಲ್ಲಿದೆ. ಮಾವಳ್ಳಿ, ಕಾಯ್ಕಿಣಿ, ಮಂಕಿಯ ಪುಟಗಳು ಒಂದಿಷ್ಟು ತುಂಬಿವೆ. ಬಸ್ಸಿನಲ್ಲಿ ಚೀಟಿ ಕಳಿಸಿದ ಹುಡುಗ ಈಗ ಎಲ್ಲಿದ್ದಾನೋ ಪತ್ತೆಯಾಗಿಲ್ಲ. ಹಾಡವಳ್ಳಿ, ಗೇರಸೊಪ್ಪೆ ಕಡೆಯ ಪುಟಗಳು ಇನ್ನೂ ಖಾಲಿ ಇವೆ. ಆ ವರ್ಷಗಳಲ್ಲಿ ಮಂಗ ಸುಟ್ಟವರು, ಕಾವಲು ನಿಂತವರು ಅಲ್ಲಿ ಇನ್ನೂ ಇದ್ದಾರೆ. ಮಳೆ ಕಳೆದ ಮೇಲೆ ಹೋಗಿ ಕೇಳಿ ಬರೆಯಬೇಕು.